ಗಂಡನ ಡಬ್ಬಿಯ ಮಾತ್ರೆ ನಾನೂ ನುಂಗಬಹುದೇ?

ಪ್ರಶ್ನೆ: ನಮ್ಮ ಮನೆಯವರಿಗೆ ಎಚ್‌ಐವಿ ಇರುವುದು ಮೂರು ತಿಂಗಳ ಹಿಂದೆ ಗೊತ್ತಾಯಿತು. ಎಆರ್‌ಟಿ ಕೇಂದ್ರದಲ್ಲಿ (ಎಚ್‌ಐವಿ ಚಿಕಿತ್ಸಾ ಕೇಂದ್ರ) ಕೊಟ್ಟ ಮಾತ್ರೆ ತಪ್ಪದೆ ನುಂಗುತ್ತಿದ್ದಾರೆ. ಆಗ ನನ್ನ ಪರೀಕ್ಷೆ ನೆಗೆಟಿವ್ ಬಂದಿತ್ತು. ನಮಗೆ ಮಗು ಬೇಕು. ಸೋಂಕು ತಗಲದಂತೆ ಮೊದಲೇ ತೆಗೆದುಕೊಳ್ಳುವ ಮಾತ್ರೆ ಇದೆಯಂತಲ್ಲ, ಅವರ ಡಬ್ಬಿಯಿಂದಲೇ ದಿನಕ್ಕೊಂದು ತೆಗೆದುಕೊಂಡರೆ ಆಗದೇ ಡಾಕ್ಟ್ರೇ?
(ಹೆಸರು ಬೇಡ, ಗದಗ ಜಿಲ್ಲೆ)

ಉತ್ತರ: ಆ ಡಬ್ಬಿಗೆ ಮಾತ್ರ ಕೈ ಹಾಕಬೇಡಿ. ಅದು ಅವರಿಗೆಂದು ಎಣಿಸಿ ಕೊಟ್ಟದ್ದು. ಇಬ್ಬರೂ ನುಂಗಿದರೆ ಅರ್ಧ ತಿಂಗಳಿಗೇ ಖಾಲಿ. ಅವರ ಚಿಕಿತ್ಸೆ ತಪ್ಪಿ ವೈರಸ್ ಮತ್ತೆ ಏರುತ್ತದೆ. ನಿಮಗಿರುವ ದೊಡ್ಡ ರಕ್ಷಣೆಯೇ ಅವರ ಚಿಕಿತ್ಸೆ.

ನೀವು ಕೇಳಿದ ಮಾತ್ರೆಗೆ ಪ್ರೆಪ್ ಎನ್ನುತ್ತಾರೆ. ಟೆನೊಫೊವಿರ್ 300 ಮಿ.ಗ್ರಾಂ, ಎಮ್‌ಟ್ರಿಸಿಟಬೈನ್ 200 ಮಿ.ಗ್ರಾಂ ಸೇರಿದ ಒಂದು ಗುಳಿಗೆ, ದಿನಕ್ಕೊಂದು. ಸೋಂಕಿನ ಅಪಾಯ ಹೆಚ್ಚಿರುವವರಿಗೆ ಇದನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಮಾರ್ಗಸೂಚಿ ಬಂದದ್ದು 2022ರಲ್ಲಿ. ನಿಮ್ಮಂಥವರಿಗೆ ಇದು ಸರಿಯಾಗಿ ಹೊಂದುತ್ತದೆ. ಗರ್ಭಿಣಿಯಾದರೂ, ಹಾಲುಣಿಸುವಾಗಲೂ ನಿಲ್ಲಿಸಬೇಕಿಲ್ಲ. ಮೊದಲ ಕೆಲವು ವಾರ ಹೊಟ್ಟೆ ತೊಳಸುವುದು, ತಲೆನೋವು ಬರಬಹುದು, ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಶುರು ಮಾಡುವ ಮುಂಚೆ ಮತ್ತೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು. ಮೂರು ತಿಂಗಳ ಹಿಂದಿನ ನೆಗೆಟಿವ್ ರಿಪೋರ್ಟ್ ಈಗ ನಡೆಯುವುದಿಲ್ಲ. ಈ ನಡುವೆ ಸೋಂಕು ತಗಲಿದ್ದರೆ ಎರಡೇ ಔಷಧಿ ಅದನ್ನು ಅಡಗಿಸಲಾರದು. ವೈರಸ್ ಆ ಔಷಧಿಗೇ ಬಗ್ಗದಂತಾಗುತ್ತದೆ. ಸರ್ಕಾರದ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ಈ ಪರೀಕ್ಷೆ ಉಚಿತ. ಜೊತೆಗೆ ಕಿಡ್ನಿಗೆ ಕ್ರಿಯಾಟಿನಿನ್, ಹೆಪಟೈಟಿಸ್ ಬಿ ನೋಡಿಸಿ. ಹೆಪಟೈಟಿಸ್ ಬಿ ಇದ್ದವರು ಈ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಲಿವರ್ ಕೆರಳುವುದುಂಟು. ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ.

ಹೆಂಗಸರಲ್ಲಿ ಪೂರ್ಣ ರಕ್ಷಣೆಗೆ ದಿನವೂ ನುಂಗಿ ಸುಮಾರು ಮೂರು ವಾರವಾಗಬೇಕು. 'ಅಗತ್ಯ ಬಿದ್ದಾಗಷ್ಟೇ' ನುಂಗುವ ಪದ್ಧತಿ ನಿಮಗಲ್ಲ. ಸಿಫಿಲಿಸ್, ಗೊನೊರಿಯಾದಂಥ ಲೈಂಗಿಕ ರೋಗಗಳನ್ನು ಇದು ತಡೆಯದು. ಪ್ರೆಪ್ ಶುರುವಾಗುವ ಮೊದಲೇ ಕಾಂಡೋಮ್ ಹರಿಯಿತೆನ್ನಿ, 72 ಗಂಟೆಯೊಳಗೆ ಆಸ್ಪತ್ರೆಗೆ ಓಡಿ. ಅದಕ್ಕೆ 28 ದಿನದ ಬೇರೆಯೇ ಕೋರ್ಸ್ ಇದೆ.

ಮಗುವಿಗಾಗಿ ಇನ್ನು ಮೂರು ತಿಂಗಳು ತಡೆಯುವುದು ಒಳ್ಳೆಯದು. ಚಿಕಿತ್ಸೆ ಶುರುವಾಗಿ ಆರು ತಿಂಗಳಿಗೆ ಅವರ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುತ್ತಾರೆ. ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ನಿಮಗೆ ಸೋಂಕು ದಾಟುವುದಿಲ್ಲ. ಆಗ ಪ್ರೆಪ್ ಮುಂದುವರಿಸಬೇಕೇ, ಬಿಡಬಹುದೇ ಎಂಬುದನ್ನು ಆ ರಿಪೋರ್ಟ್ ಹಿಡಿದು ಇಬ್ಬರೂ ಎಆರ್‌ಟಿ ಕೇಂದ್ರದ ವೈದ್ಯರನ್ನೇ ಕೇಳಿ. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ. ಊರವರಿಗೆ ತಿಳಿದೀತೆಂಬ ಅಳುಕಿದ್ದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.