ಬೀರುವಿನ ಬೀಗದ ಕೈ ಯಾರ ಹತ್ತಿರ?

ಮೇಷ್ಟರಾಗಲು, ಶಾಲೆಯ ಲೈಬ್ರರಿಯನ್ ಆಗಲು ಓದುತ್ತಿರುವವರಿಂದ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಕೆಲವು ಉದ್ದ, ಕೆಲವು ಬರೀ ಗೊಣಗಾಟ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ ಗಣಿತ ಚೆನ್ನಾಗಿ ಬರುತ್ತದೆ. ಸ್ನಾತಕೋತ್ತರ ಪದವಿ ಇದೆ, ನಾಲ್ಕು ವರ್ಷದಿಂದ ಮನೆಪಾಠವನ್ನೂ ಹೇಳುತ್ತಿದ್ದೇನೆ. ಪಾಠ ಮಾಡೋದನ್ನ ಕಲಿಯಲು ಮತ್ತೆ ಹೋಗಿ ವಿಶ್ವವಿದ್ಯಾಲಯದ ಬೆಂಚಿನಲ್ಲಿ ಕೂರಬೇಕೇ? ಇದು ಸುಮ್ನೆ ಸರ್ಟಿಫಿಕೇಟಿಗಾಗಿ ಅಲ್ವಾ?

ಉತ್ತರ: ಸರ್ಟಿಫಿಕೇಟಿಗಾಗಿಯೂ ಹೌದು. ಅದರಲ್ಲಿ ನಾಚಿಕೆಪಡುವುದೇನಿಲ್ಲ. ಆದರೆ ನಿಮಗೊಂದು ಲೆಕ್ಕ ಕೊಡುತ್ತೇನೆ. ಒಂದು ಮಗು 1/2 + 1/3 = 2/5 ಅಂತ ಬರೆದಿದೆ. ಇದು ತಪ್ಪು, ಸರಿಯುತ್ತರ 5/6 ಅಂತ ನಿಮಗೆ ಗೊತ್ತು. ಮಗುವಿಗೆ 2/5 ಯಾಕೆ ಸರಿ ಅನ್ನಿಸಿತು ಅನ್ನೋದು ಗೊತ್ತಾ? ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ಅದರ ಕಣ್ಣಿಗೆ ಅಲ್ಲಿರುವುದು ಎರಡು ಭಿನ್ನರಾಶಿಗಳಲ್ಲ, ನಾಲ್ಕು ಬಿಡಿ ಸಂಖ್ಯೆಗಳು. ನೀವು ಲ.ಸಾ.ಅ. ತೆಗೆಯುವ ವಿಧಾನವನ್ನು ಇನ್ನೊಮ್ಮೆ ಹೇಳಿಕೊಟ್ಟರೆ ಪರೀಕ್ಷೆಗೆ ಸಾಕಾಗಬಹುದು, ಒಳಗಿನ ತಪ್ಪು ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಬದಲು "ಅರ್ಧ ಇತ್ತು, ಅದಕ್ಕೆ ಇನ್ನಷ್ಟು ಸೇರಿಸಿದೆ, ಆದರೂ ಅರ್ಧಕ್ಕಿಂತ ಕಡಿಮೆ ಹೇಗಾಯ್ತು?" ಅಂತ ಕೇಳಿ ನೋಡಿ. ಮಗು ತಾನೇ ತಲೆ ಕೆರೆದುಕೊಳ್ಳುತ್ತದೆ.

ಈ ಪ್ರಶ್ನೆಯನ್ನು ಹೊಳೆಸುವ ತಿಳಿವಳಿಕೆ ಗಣಿತದ ಪದವಿಯಲ್ಲಿ ಸಿಗುವುದಿಲ್ಲ. ಮಕ್ಕಳ ಮನಶ್ಶಾಸ್ತ್ರದ ಪುಸ್ತಕ ಒಂದನ್ನೇ ಓದಿದರೂ ಬರುವುದಿಲ್ಲ. ಎರಡೂ ಸೇರುವ ಜಾಗದಲ್ಲಿ ಇರುವ ವಿದ್ಯೆ ಅದು. ಲೀ ಶುಲ್ಮನ್ ಎಂಬ ಅಮೆರಿಕದ ವಿದ್ವಾಂಸರು 1986ರಲ್ಲಿ ಅದನ್ನು ಪೆಡಗಾಜಿಕಲ್ ಕಂಟೆಂಟ್ ನಾಲೆಡ್ಜ್ ಅಂತ ಕರೆದರು. ಬಾಯಿ ಹೊರಳದ ಹೆಸರು, ವಿಷಯ ಮಾತ್ರ ಬಂಗಾರ.

ನಮಗೆಲ್ಲ ಪಾಠ ಮಾಡಲು ಬರುತ್ತದೆ ಅನ್ನಿಸುವುದಕ್ಕೂ ಒಂದು ಕಾರಣವಿದೆ. ಡ್ಯಾನ್ ಲಾರ್ಟಿ ಎಂಬ ಸಮಾಜಶಾಸ್ತ್ರಜ್ಞರು 1975ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಶಾಲೆ ಮುಗಿಸುವ ಹೊತ್ತಿಗೆ ವಿದ್ಯಾರ್ಥಿಯೊಬ್ಬ ಸುಮಾರು 13,000 ಗಂಟೆ ಮೇಷ್ಟರನ್ನು ನೋಡಿರುತ್ತಾನೆ. ಆದರೆ ಬೆಂಚಿನಿಂದ ನೋಡಿರುತ್ತಾನೆ. ಮೇಷ್ಟ್ರು ಹಿಂದಿನ ರಾತ್ರಿ ಯಾವ ಉದಾಹರಣೆ ಬೇಡ ಅಂತ ಬಿಟ್ಟರು, ಯಾವ ಮಗುವನ್ನು ಬೇಕೆಂದೇ ಮಾತಾಡಿಸಲಿಲ್ಲ, ಅದ್ಯಾವುದೂ ಬೆಂಚಿಗೆ ಕಾಣುವುದಿಲ್ಲ. ತರಬೇತಿ ಇಲ್ಲದೆ ತರಗತಿಗೆ ಹೋದರೆ ನಮಗೆ ಪಾಠ ಹೇಳಿದವರನ್ನೇ ನಕಲು ಮಾಡುತ್ತೇವೆ, ಅವರ ಬೈಗುಳವನ್ನೂ ಸೇರಿಸಿ. ಇನ್ನು ಮನೆಪಾಠದ ಅನುಭವ ಖಂಡಿತ ಉಪಯೋಗಕ್ಕೆ ಬರುತ್ತದೆ, ಆದರೆ ಒಂದು ಮಗು ಎದುರಿಗಿರುವುದೇ ಬೇರೆ, ನಲವತ್ತು ಮಕ್ಕಳು ನಲವತ್ತು ಥರ ತಪ್ಪು ಮಾಡುತ್ತಿರುವುದೇ ಬೇರೆ.

ಪ್ರಶ್ನೆ: ಮೈಕ್ರೋ ಟೀಚಿಂಗ್ ಅಂದರೆ ನಗು ಬರುತ್ತದೆ. ನನ್ನ ಸಹಪಾಠಿಗಳೇ ಮಕ್ಕಳ ಹಾಗೆ ಕೂರುತ್ತಾರೆ, ನಾನು ಐದು ನಿಮಿಷ ಪಾಠ ಮಾಡುತ್ತೇನೆ, ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. ಈ ನಾಟಕದಿಂದ ಏನು ಲಾಭ?

ಉತ್ತರ: ಎಲ್ಲರೂ ಚೆನ್ನಾಗಿತ್ತು ಅಂದರೆ ಲಾಭವಿಲ್ಲ, ಅದು ನಿಮ್ಮ ಸ್ನೇಹಿತರ ದಾಕ್ಷಿಣ್ಯ. ಈ ಪದ್ಧತಿಯನ್ನು 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಅವರ ಸಹೋದ್ಯೋಗಿಗಳು ಶುರು ಮಾಡಿದಾಗಲೇ ಅದನ್ನು ಬೇಕೆಂದು ಚಿಕ್ಕದಾಗಿ ಇಟ್ಟಿದ್ದರು. ಕೆಲವೇ ಜನ, ಕೆಲವೇ ನಿಮಿಷ, ಒಂದೇ ಕೌಶಲ. ಪಾಠ ಮಾಡಬೇಕು, ತಪ್ಪು ಕೇಳಿಸಿಕೊಳ್ಳಬೇಕು, ಅದನ್ನೇ ಮತ್ತೆ ಮಾಡಬೇಕು. ಈಜು ಕಲಿಯುವವರು ಮೊದಲು ದಡ ಹಿಡಿದು ಬರೀ ಕಾಲು ಬಡಿಯುತ್ತಾರಲ್ಲ, ಹಾಗೆ. ನಮ್ಮಲ್ಲಿ ಬಹಳ ಕಡೆ ಸಮಯ ಸಾಲದು ಅಂತ ಆ ಎರಡನೇ ಸಲದ ಪಾಠವನ್ನೇ ಕೈಬಿಡುತ್ತಾರೆ. ಆಗ ಉಳಿಯುವುದು ನೀವು ಹೇಳಿದ ನಾಟಕವೇ.

ಒಂದು ಕೆಲಸ ಮಾಡಿ. ಮುಂದಿನ ಸಲ ನಿಮ್ಮ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತೀರಿ ಅಂತ ಅಳೆಯಿರಿ. ಮೇರಿ ಬಡ್ ರೋ ಎಂಬಾಕೆ ವಿಜ್ಞಾನದ ತರಗತಿಗಳ ರೆಕಾರ್ಡಿಂಗ್ ಕೇಳಿ 1970ರ ದಶಕದಲ್ಲಿ ಇದನ್ನೇ ಅಳೆದರು. ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದವಾಯಿತು, ಯಾವಾಗಲೂ ಬಾಯಿ ಬಿಡದವರೂ ಮಾತಾಡಿದರು. ಇನ್ನೊಂದು ಕಾಯುವಿಕೆಯೂ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ: ಮಗು ಉತ್ತರ ಹೇಳಿದ ಮೇಲೆ ತಕ್ಷಣ "ಗುಡ್" ಅನ್ನದೆ ಕಾಯುವುದು. ನಾನು ಮೊದಲ ಸಲ ನನ್ನದೇ ರೆಕಾರ್ಡಿಂಗ್ ಕೇಳಿದಾಗ ಪ್ರಶ್ನೆಯೂ ನಾನೇ, ಉತ್ತರವೂ ನಾನೇ, ಶಹಭಾಸ್ ಹೇಳಿದ್ದೂ ನಾನೇ. ಆ ಕ್ಯಾಸೆಟ್ಟನ್ನು ಯಾರಿಗೂ ಕೇಳಿಸಿಲ್ಲ.

ಪ್ರಶ್ನೆ: ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಮಾಡಿ, ಪ್ರತಿ ಮಗುವಿನ ಶೈಲಿ ಗುರುತಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಬೇಕು ಅಂತ ನೋಟ್ಸಿನಲ್ಲಿದೆ. ನಲವತ್ತು ಮಕ್ಕಳಿಗೆ ಹೇಗೆ ಸಾಧ್ಯ?

ಉತ್ತರ: ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮನಶ್ಶಾಸ್ತ್ರಜ್ಞರು 2008ರಲ್ಲಿ ಇದರ ಬಗ್ಗೆ ಆಗಿದ್ದ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಹಾಗೆ ಶೈಲಿಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನುವುದಕ್ಕೆ ತಕ್ಕ ಪುರಾವೆ ಇಲ್ಲ ಅಂದರು. ಪಾಠಕ್ಕೆ ಯಾವುದು ಹೊಂದುತ್ತದೆ ನೋಡಿ. ನಕ್ಷೆಯನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಪದ್ಯವನ್ನು ಎಲ್ಲರೂ ಕೇಳಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನೋಟ್ಸಿನಲ್ಲಿರುವುದನ್ನು ಬರೆದು, ಕೊನೆಗೆ ಈ ಆಕ್ಷೇಪವನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಪ್ರಶ್ನೆ: ನಾನು ಗ್ರಂಥಾಲಯ ವಿಜ್ಞಾನ ಓದುತ್ತಿದ್ದೇನೆ, ಶಾಲೆಯಲ್ಲಿ ಕೆಲಸ ಮಾಡುವ ಆಸೆ. ಸೀಲು ಹೊಡೆದು ಪುಸ್ತಕ ಕೊಡೋದಕ್ಕೂ ಡಿಗ್ರಿ ಬೇಕಾ ಅಂತ ಮನೆಯವರು ನಗುತ್ತಾರೆ. ಏನು ಉತ್ತರ ಕೊಡಲಿ?

ಉತ್ತರ: ಮನೆಯವರಿಗೆ ಒಂದು ಒಗಟು ಹಾಕಿ. ಹುಲಿಯ ಪುಸ್ತಕ, ಬೆಕ್ಕಿನ ಪುಸ್ತಕ ಎರಡೂ ಅಕ್ಕಪಕ್ಕ ಇರಬೇಕಲ್ವಾ, ಒಂದೇ ಕುಟುಂಬದ ಪ್ರಾಣಿಗಳು? 1876ರಲ್ಲಿ ಮೆಲ್ವಿಲ್ ಡ್ಯೂಯಿ ಮಾಡಿದ, ಪುಸ್ತಕ ಜೋಡಿಸಲು ವಿಷಯಕ್ಕೊಂದು ನಂಬರು ಕೊಡುವ ದಶಮಾಂಶ ವರ್ಗೀಕರಣದಲ್ಲಿ ಹುಲಿ 599ಕ್ಕೆ ಹೋಗುತ್ತದೆ, ಅಂದರೆ ಸಸ್ತನಿಗಳ ಜೊತೆ. ಸಾಕುಬೆಕ್ಕು 636ಕ್ಕೆ, ಹಸು ಕುದುರೆಗಳ ಜೊತೆ. ಎಂಟು ವರ್ಷದ ಮಗುವಿಗೆ ಇದು ಅರ್ಥವಾಗುತ್ತಾ? ಆ ಎರಡು ಕಪಾಟುಗಳ ನಡುವೆ ಮಗುವಿಗೆ ದಾರಿ ಮಾಡಿಕೊಡುವುದು ನಿಮ್ಮ ಕೆಲಸ. ನಂಬರು ಹಾಕುವುದನ್ನು ಒಂದು ತಿಂಗಳಲ್ಲಿ ಕಲಿಯಬಹುದು, ದಾರಿ ಮಾಡುವುದಕ್ಕೆ ಸಮಯ ಬೇಕು.

ಇನ್ನು ಪುಸ್ತಕ ತೆಗೆದುಹಾಕುವ ವಿಷಯ. ಶಾಲೆಯ ಕಪಾಟಿನಲ್ಲಿ ಸೌರವ್ಯೂಹದ ಒಂದು ಹಳೇ ಪುಸ್ತಕ, ಒಂಬತ್ತು ಗ್ರಹ ಅನ್ನುತ್ತದೆ. 2006ರಲ್ಲಿ ಪ್ಲೂಟೋವನ್ನು ಕುಬ್ಜಗ್ರಹ ಮಾಡಿದ ಮೇಲೆ ಆ ಪುಸ್ತಕ ಮಕ್ಕಳಿಗೆ ತಪ್ಪು ಹೇಳುತ್ತಾ ಕೂತಿದೆ. ಅದನ್ನು ತೆಗೆಯಬೇಕಾ, ಇಟ್ಟುಕೊಂಡು "ವಿಜ್ಞಾನ ಹೇಗೆ ಬದಲಾಗುತ್ತದೆ ನೋಡಿ" ಅಂತ ತೋರಿಸಬೇಕಾ? ಸೀಲು ಹೊಡೆಯುವವರು ಇದನ್ನು ಯೋಚಿಸುವುದಿಲ್ಲ, ಲೈಬ್ರರಿಯನ್ ಯೋಚಿಸುತ್ತಾರೆ.

ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಗಾಜಿನ ಬಾಗಿಲಿನ ಎರಡು ಬೀರು ಇದ್ದವು. ಒಳ್ಳೊಳ್ಳೆ ಪುಸ್ತಕಗಳು. ಮಕ್ಕಳು ಗಾಜಿಗೆ ಮೂಗು ಒತ್ತಿ ಹೆಸರು ಓದುತ್ತಿದ್ದರು, ಅಷ್ಟೇ. ಬೀಗದ ಕೈ ಒಬ್ಬ ಹಿರಿಯ ಮೇಷ್ಟರ ಜೇಬಿನಲ್ಲಿ. ಅವರೇನೂ ಕೆಟ್ಟವರಲ್ಲ, ಸ್ಟಾಕ್ ನೋಡುವಾಗ ಪುಸ್ತಕ ಕಮ್ಮಿ ಬಂದರೆ ಅವರೇ ದುಡ್ಡು ಕಟ್ಟಬೇಕಿತ್ತು. ಗ್ರಂಥಾಲಯದ ತರಬೇತಿ ಯಾರೂ ಅವರಿಗೆ ಕೊಟ್ಟಿರಲಿಲ್ಲ, ಹೆದರಿಕೆಯನ್ನು ಮಾತ್ರ ಕೊಟ್ಟಿದ್ದರು. ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ "ಪುಸ್ತಕಗಳಿರುವುದು ಬಳಕೆಗೆ" ಅಂತ. ಓದಿದಾಗ ಇದರಲ್ಲೇನಿದೆ, ಎಲ್ಲರಿಗೂ ಗೊತ್ತಿದ್ದದ್ದೇ ಅನ್ನಿಸಿತ್ತು. ಆ ಬೀರು ನೋಡಿದ ಮೇಲೆ ಅನ್ನಿಸಲಿಲ್ಲ.

ರಂಗನಾಥನ್ ಮೊದಲು ಗಣಿತದ ಮೇಷ್ಟ್ರು, ಶಿಕ್ಷಕ ತರಬೇತಿ ಪಡೆದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಒಂಟಿತನ ತಡೆಯಲಾಗದೆ, ವಾಪಸ್ ಪಾಠಕ್ಕೆ ಕಳಿಸಿ ಅಂತ ಕೇಳಿಕೊಂಡಿದ್ದರು. ಲಂಡನ್ನಿಗೆ ಹೋಗಿ ಗ್ರಂಥಾಲಯ ತರಬೇತಿ ಪಡೆದು ಬಂದ ಮೇಲೆ ಮತ್ತೆ ಬಿಡಲೇ ಇಲ್ಲ. ಮನೆಯವರಿಗೆ ಇದನ್ನೂ ಹೇಳಿ.

ಪ್ರಶ್ನೆ: ಶಿಕ್ಷಕ ತರಬೇತಿಯಲ್ಲಿ ನಮಗೆ ಗ್ರಂಥಾಲಯದ ಬಗ್ಗೆ ಒಂದು ಸಣ್ಣ ಅಧ್ಯಾಯ ಇದೆ, "ಗ್ರಂಥಾಲಯದ ಮಹತ್ವ ವಿವರಿಸಿ" ಅಂತ ಐದು ಅಂಕದ ಪ್ರಶ್ನೆ. ಬಾಯಿಪಾಠ ಮಾಡಿ ಬರೆದೆ. ಇದಕ್ಕಿಂತ ಜಾಸ್ತಿ ನಾನು ತಿಳಿಯಬೇಕಾದ್ದೇನು?

ಉತ್ತರ: ಈ ಕಂತೆಯಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಸಿಟ್ಟೂ ಬರಿಸಿತು, ನಿಮ್ಮ ಮೇಲಲ್ಲ. ಮೇಷ್ಟರಾಗುವವರು ಒಂದು ವಿಭಾಗದಲ್ಲಿ, ಲೈಬ್ರರಿಯನ್ ಆಗುವವರು ಇನ್ನೊಂದು ವಿಭಾಗದಲ್ಲಿ, ಅಕ್ಕಪಕ್ಕದ ಕಟ್ಟಡವಾದರೂ ಓದುವಾಗ ಒಂದು ದಿನವೂ ಒಟ್ಟಿಗೆ ಕೂತಿರುವುದಿಲ್ಲ, ಆಮೇಲೆ ಶಾಲೆಯಲ್ಲಿ ಇಬ್ಬರೂ ಸೇರಿ ಕೆಲಸ ಮಾಡಲಿ ಅಂದರೆ ಹೇಗೆ ಮಾಡುತ್ತಾರೆ? ಯುನೆಸ್ಕೋ ಮತ್ತು ಇಫ್ಲಾ ಎಂಬ ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ 1999ರಲ್ಲಿ ಹೊರಡಿಸಿದ ಶಾಲಾ ಗ್ರಂಥಾಲಯದ ಪ್ರಣಾಳಿಕೆಯಲ್ಲಿ, ಇವರಿಬ್ಬರೂ ಜೊತೆಗೂಡಿದಾಗ ಮಕ್ಕಳ ಓದು, ಕಲಿಕೆ ಎರಡೂ ಸುಧಾರಿಸುತ್ತವೆ ಅನ್ನುವ ಮಾತಿದೆ. ನಮ್ಮ ಕೋರ್ಸುಗಳು ಅದನ್ನು ಐದು ಅಂಕಕ್ಕೆ ಇಳಿಸಿಬಿಟ್ಟಿವೆ.

ಒಂದು ಉದಾಹರಣೆ ನೋಡಿ. "ಜ್ವಾಲಾಮುಖಿ ಬಗ್ಗೆ ಎರಡು ಪುಟ ಬರೆದುಕೊಂಡು ಬಾ" ಅಂತ ನೀವು ಪ್ರಾಜೆಕ್ಟ್ ಕೊಡುತ್ತೀರಿ. ಮಗು ಸಿಕ್ಕ ಮೊದಲ ಪುಟವನ್ನು ಇಳಿಸಿಕೊಂಡು ಬರುತ್ತದೆ. ತಪ್ಪು ಮಗುವಿನದಲ್ಲ, ನೀವು ಕೇಳಿದ್ದೇ ನಕಲು. ಅದರ ಬದಲು "ಜ್ವಾಲಾಮುಖಿ ಅಪಾಯ ಅಂತ ಗೊತ್ತಿದ್ದೂ ಜನ ಅದರ ಪಕ್ಕದಲ್ಲೇ ಯಾಕೆ ವಾಸ ಮಾಡುತ್ತಾರೆ?" ಅಂತ ಕೇಳಿ. ಈಗ ಮಣ್ಣಿನ ಫಲವತ್ತತೆ, ಬೇಸಾಯ, ಇತಿಹಾಸ ಎಲ್ಲವನ್ನೂ ಬೇರೆ ಬೇರೆ ಕಡೆ ಹುಡುಕಬೇಕು. ಈ ಪ್ರಶ್ನೆಯನ್ನು ಒಂದು ವಾರ ಮೊದಲೇ ಲೈಬ್ರರಿಯನ್ ಕೈಗೆ ಕೊಡಿ. ಅವರು ಪುಸ್ತಕ ತೆಗೆದಿಡುತ್ತಾರೆ, ಇಲ್ಲದಿದ್ದರೆ ಪ್ರಶ್ನೆ ಬದಲಿಸಿ ಅಂತ ಹೇಳುತ್ತಾರೆ.

ಅವರ ತರಬೇತಿಯಲ್ಲಿ ಇದ್ದು ನಿಮ್ಮದರಲ್ಲಿ ಇಲ್ಲದ್ದು ಇನ್ನೂ ಇದೆ. ಕ್ಯಾರಲ್ ಕುಲ್ತಾವ್ ಎಂಬಾಕೆ ಶಾಲಾ ಗ್ರಂಥಪಾಲಕಿಯಾಗಿದ್ದು ಆಮೇಲೆ ಸಂಶೋಧಕಿಯಾದವರು. 1980ರ ದಶಕದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳು ಮಾಹಿತಿ ಹುಡುಕುವಾಗ ಅವರ ಮನಸ್ಸಿನಲ್ಲಿ ಏನಾಗುತ್ತದೆ ಅಂತ ನೋಡಿದರು. ಹುಡುಕಿದಷ್ಟೂ ಧೈರ್ಯ ಬರುತ್ತಾ ಹೋಗುತ್ತದೆ ಅಂತ ನಾವು ತಿಳಿದುಕೊಂಡಿರುತ್ತೇವೆ. ಹಾಗಲ್ಲ. ವಿಷಯ ಆರಿಸಿಕೊಂಡಾಗ ಖುಷಿ ಇರುತ್ತದೆ, ನಾಲ್ಕು ಪುಸ್ತಕ ತೆರೆದ ಮೇಲೆ ಗೊಂದಲ ಜಾಸ್ತಿಯಾಗುತ್ತದೆ, ಒಂದಕ್ಕೊಂದು ತಾಳೆಯಾಗುವುದಿಲ್ಲ, ನನ್ನಿಂದಾಗದು ಅನ್ನಿಸುತ್ತದೆ. ಆ ಗೊಂದಲ ದಡ್ಡತನವಲ್ಲ, ಹಾದಿಯಲ್ಲಿ ಎಲ್ಲರಿಗೂ ಸಿಗುವ ತಗ್ಗು. ಮೇಷ್ಟ್ರು ಅಲ್ಲೇ "ಬೇಗ ಮುಗಿಸು" ಅಂತ ಗದರುತ್ತಾರೆ, ಮಗು ನಕಲಿಗೆ ಇಳಿಯುತ್ತದೆ.

ಅಂತರ್ಜಾಲದ ಪುಟ ನಂಬಬಹುದಾ ಅಂತ ತಿಳಿಯುವುದೂ ಹೀಗೆಯೇ. ಪುಟ ನೀಟಾಗಿದೆಯಾ, ಸಂಸ್ಥೆಯ ಹೆಸರಿದೆಯಾ ಅಂತ ಅದೇ ಪುಟದಲ್ಲಿ ಕೂತು ನೋಡಿದರೆ ಪ್ರಯೋಜನ ಕಮ್ಮಿ. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇತಿಹಾಸದ ಪ್ರೊಫೆಸರುಗಳೂ ಅಂದವಾದ ಪುಟಗಳಿಗೆ ಮೋಸ ಹೋದರು. ಸುದ್ದಿಯ ಸತ್ಯ ಪರೀಕ್ಷೆ ಮಾಡುವವರು ಮಾತ್ರ ಆ ಪುಟವನ್ನು ಬಿಟ್ಟು, ಬೇರೆ ಟ್ಯಾಬ್ ತೆರೆದು, ಇವರ ಬಗ್ಗೆ ಬೇರೆಯವರು ಏನನ್ನುತ್ತಾರೆ ಅಂತ ನೋಡಿ ಬೇಗ ಸರಿಯುತ್ತರ ಕಂಡುಕೊಂಡರು. ಇದನ್ನು ಗ್ರಂಥಾಲಯ ವಿಭಾಗದ ಯಾರನ್ನಾದರೂ ಕರೆದು ಒಂದು ಮಧ್ಯಾಹ್ನ ಕಲಿಯಿರಿ. ಸಿಲೆಬಸ್ಸಿನಲ್ಲಿ ಬರಲಿ ಅಂತ ಕಾಯಬೇಡಿ.

ಪ್ರಶ್ನೆ: ನನಗೆ ಜನರ ಜೊತೆ ಮಾತಾಡುವುದೆಂದರೆ ಆಗುವುದಿಲ್ಲ. ಅದಕ್ಕೇ ಶಿಕ್ಷಕ ತರಬೇತಿ ಬಿಟ್ಟು ಗ್ರಂಥಾಲಯ ವಿಜ್ಞಾನಕ್ಕೆ ಸೇರಬೇಕು ಅಂತಿದ್ದೇನೆ. ಸರಿನಾ?

ಉತ್ತರ: ಶಾಲೆಯ ಲೈಬ್ರರಿಗಂತೂ ಬೇಡ. ಅಲ್ಲಿ ದಿನವಿಡೀ ಮಾತೇ. "ಆ ನೀಲಿ ರಟ್ಟಿನ ಪುಸ್ತಕ ಕೊಡಿ" ಅಂತ ಮಗು ಕೇಳುತ್ತದೆ, ಯಾವ ನೀಲಿ ಅಂತ ಹತ್ತು ಪ್ರಶ್ನೆ ಕೇಳಿ ಹುಡುಕಬೇಕು.

ಪ್ರಶ್ನೆ: ಪ್ರಾಕ್ಟೀಸ್ ಟೀಚಿಂಗಿನಲ್ಲಿ ನನ್ನ ಪಾಠ ಪೂರ್ತಿ ಕೆಟ್ಟಿತು. ಗಲಾಟೆ, ನಗು, ನಾನು ಹೊರಗೆ ಬಂದು ಅತ್ತೆ. ನೋಡಲು ಬಂದಿದ್ದ ಮೇಡಂ ಏನೂ ಹೇಳಲಿಲ್ಲ. ಕೋರ್ಸು ಬಿಡಲೇ?

ಉತ್ತರ: ಬಿಡಬೇಡಿ. ಅಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಸಹಾಯಕ್ಕೆ ಯಾರೂ ಹಿಂದಿನ ಬೆಂಚಿನಲ್ಲಿ ಕೂತಿರುವುದಿಲ್ಲ. ಆ ಮೇಡಂ ಹತ್ತಿರ ನೀವೇ ಹೋಗಿ. "ಪಾಠ ಹೇಗಿತ್ತು" ಅಂತ ಕೇಳಬೇಡಿ, ಸಮಾಧಾನದ ಮಾತು ಸಿಗುತ್ತದೆ ಅಷ್ಟೇ. "ಗಲಾಟೆ ಯಾವ ನಿಮಿಷದಲ್ಲಿ ಶುರುವಾಯ್ತು, ಆಗ ನಾನು ಏನು ಮಾಡುತ್ತಿದ್ದೆ?" ಅಂತ ಕೇಳಿ. ನೀವು ಬೋರ್ಡಿನ ಕಡೆ ತಿರುಗಿ ಐದು ನಿಮಿಷ ಬರೆಯುತ್ತಾ ನಿಂತಿದ್ದಿರಿ ಅನ್ನುವ ಉತ್ತರ ಬಂದರೆ ನನಗೇನೂ ಆಶ್ಚರ್ಯವಿಲ್ಲ. ನನ್ನದೂ ಅದೇ ಆಗಿತ್ತು.

ಪ್ರಶ್ನೆ: ಗ್ರಂಥಾಲಯ ತರಬೇತಿಗೆ ಮೂರು ವಾರ ಒಂದು ಶಾಲೆಗೆ ಹಾಕಿದ್ದಾರೆ. ಒಬ್ಬ ಶಿಕ್ಷಕರೂ ಲೈಬ್ರರಿ ಕಡೆ ಬರುವುದಿಲ್ಲ. ಸುಮ್ನೆ ಧೂಳು ಒರೆಸುತ್ತಾ ಕೂತಿದ್ದೇನೆ.

ಉತ್ತರ: ಅವರು ಬರುವುದಿಲ್ಲ, ನೀವೇ ಸ್ಟಾಫ್ ರೂಮಿಗೆ ಹೋಗಿ. ಎಲ್ಲರನ್ನೂ ಕೇಳಬೇಡಿ, ಒಬ್ಬರನ್ನು ಆರಿಸಿಕೊಳ್ಳಿ, ಸ್ವಲ್ಪ ನಗುಮುಖದವರನ್ನು. ಲೈಬ್ರರಿಯ ಮಹತ್ವದ ಭಾಷಣ ಬೇಡ. "ಸರ್, ಮುಂದಿನ ವಾರ ಯಾವ ಪಾಠ?" ಅಷ್ಟೇ ಕೇಳಿ. ಮಾರನೇ ದಿನ ಆ ಪಾಠಕ್ಕೆ ಹೊಂದುವ ಐದು ಪುಸ್ತಕ, ಬೇಕಾದ ಪುಟದಲ್ಲಿ ಚೀಟಿ ಇಟ್ಟು, ಅವರ ಮೇಜಿನ ಮೇಲಿಡಿ. ಹತ್ತು ಬೇಡ, ಹತ್ತು ಇಟ್ಟರೆ ಯಾರೂ ತೆರೆಯುವುದಿಲ್ಲ. ರಿಜಿಸ್ಟರಿನಲ್ಲಿ ಅವರ ಹೆಸರಿಗೆ ಬರೆದುಕೊಳ್ಳುವುದನ್ನು ಮಾತ್ರ ಮರೆಯಬೇಡಿ, ಮೇಷ್ಟರುಗಳು ಪುಸ್ತಕ ವಾಪಸ್ ಕೊಡುವುದು ಮಕ್ಕಳಿಗಿಂತ ನಿಧಾನ.