ಬೀಫ್ ತರಕಾರಿ ಸೂಪ್: ಎಲ್ಲ ಒಟ್ಟಿಗೆ ಹಾಕಿದರೆ ಮಾಂಸ ಬೇಯುವಷ್ಟರಲ್ಲಿ ತರಕಾರಿ ಕರಗಿಹೋಗುತ್ತದೆ, ಸಾರೂ ನೀರುನೀರು. ಸರಿಮಾಡುವುದು ಹೇಗೆ?

ಒಟ್ಟಿಗೆ ಹಾಕುವುದನ್ನು ಬಿಟ್ಟುಬಿಡಿ. ಮಾಂಸಕ್ಕೆ ಎರಡು ಗಂಟೆ ಬೇಕು, ಆಲೂಗಡ್ಡೆಗೆ ಇಪ್ಪತ್ತು ನಿಮಿಷ ಸಾಕು. ಸಾರು ತೆಳ್ಳಗಾಗುವುದಕ್ಕೆ ಬಹುಮಟ್ಟಿಗೆ ಮಾಂಸದ ಆಯ್ಕೆಯೇ ಕಾರಣ.

ಭುಜದ ಮಾಂಸ ಅಥವಾ ಕಾಲಿನ ಮಾಂಸ ತನ್ನಿ, ಅಂದರೆ ಚಕ್ ಅಥವಾ ಶ್ಯಾಂಕ್. ನಡುನಡುವೆ ಬಿಳಿ ಪೊರೆ, ನಾರು ಕಾಣಬೇಕು. ಅದರಲ್ಲಿರುವ ಕೊಲಾಜನ್ ಎಂಬ ಗಟ್ಟಿ ಪ್ರೋಟೀನ್ ನಿಧಾನವಾಗಿ ಕರಗಿ ಜೆಲಾಟಿನ್ ಎಂಬ ಅಂಟು ಪದಾರ್ಥವಾದಾಗಲೇ ಸಾರಿಗೆ ಮೈ ಬರುವುದು. ದುಬಾರಿ, ಮೆತ್ತನೆಯ, ಕೊಬ್ಬಿಲ್ಲದ ತುಂಡು ಇಲ್ಲಿ ದಂಡ, ಬೇಯಿಸಿದಷ್ಟೂ ಒಣಗುತ್ತದೆ.

ಐದು ಜನಕ್ಕೆ 700 ಗ್ರಾಂ ಮಾಂಸ, 2 ಲೀಟರ್ ನೀರು, 2 ಈರುಳ್ಳಿ, 3 ಕ್ಯಾರೆಟ್, 2 ಸೆಲರಿ ದಂಟು, 300 ಗ್ರಾಂ ಆಲೂಗಡ್ಡೆ, 100 ಗ್ರಾಂ ಬೀನ್ಸ್, 2 ಟೊಮೆಟೊ, 4 ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್, 2 ಬೇ ಎಲೆ, ಹತ್ತು ಕಾಳುಮೆಣಸು.

ಮಾಂಸವನ್ನು ಎರಡೂವರೆ ಸೆಂಟಿಮೀಟರ್ ತುಂಡು ಮಾಡಿ, ಒದ್ದೆ ಇಲ್ಲದಂತೆ ಒರೆಸಿ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ ಎರಡು ಮೂರು ಕಂತಿನಲ್ಲಿ ಹುರಿಯಿರಿ. ಒಮ್ಮೆಲೇ ಸುರಿದರೆ ಪಾತ್ರೆ ತಣಿದು ಮಾಂಸ ನೀರು ಬಿಡುತ್ತದೆ; ಆಮೇಲೆ ಅದು ಹುರಿಯುವುದಿಲ್ಲ, ಹಬೆಯಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಹಾಕಿದ ತುಂಡನ್ನು ಮೂರು ನಿಮಿಷ ಮುಟ್ಟಬೇಡಿ, ಕಂದು ಹೊರಪದರ ಬರಲಿ. ಹುರಿದ ಮಾಂಸವನ್ನು ತೆಗೆದಿಟ್ಟು, ಅದೇ ಪಾತ್ರೆಯಲ್ಲಿ ಈರುಳ್ಳಿ, ಸೆಲರಿ, ಕೊನೆಗೆ ಬೆಳ್ಳುಳ್ಳಿ, ಪೇಸ್ಟ್ ಹಾಕಿ ಬಾಡಿಸಿ. ಒಂದು ಲೋಟ ನೀರು ಹಾಕಿ ತಳಕ್ಕೆ ಅಂಟಿದ್ದನ್ನೆಲ್ಲ ಕೆರೆದು ಬಿಡಿಸಿ. ಸೂಪಿನ ಅರ್ಧ ರುಚಿ ಅಲ್ಲೇ ಇದೆ, ತೊಳೆದು ಚೆಲ್ಲಬೇಡಿ. ತಳ ಕಪ್ಪಾಗಿ ಸೀದಿದ್ದರೆ ಮಾತ್ರ ಬೇರೆ ಪಾತ್ರೆ ಹಿಡಿಯಿರಿ, ಆ ಕಹಿ ಹೋಗುವುದಿಲ್ಲ.

ಈಗ ಮಾಂಸ, ಉಳಿದ ನೀರು, ಬೇ ಎಲೆ, ಮೆಣಸು, ಒಂದು ಸಣ್ಣ ಚಮಚ ಉಪ್ಪು. ಕುದಿ ಬಂದೊಡನೆ ಉರಿ ತಗ್ಗಿಸಿ, ನೊರೆ ತೆಗೆಯಿರಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿ ಸಾಕು. ಕೊತಕೊತ ಕುದಿಸಿದರೆ ಮಾಂಸ ಬಿಗಿಯುತ್ತದೆ, ಕೊಬ್ಬು ಸಾರಿನಲ್ಲಿ ಬೆರೆತು ಕದಡುತ್ತದೆ. ಮುಚ್ಚಳ ಸ್ವಲ್ಪ ಓರೆಯಾಗಿರಲಿ. ಒಂದೂವರೆ ಗಂಟೆಯ ನಂತರ ಫೋರ್ಕ್ ಚುಚ್ಚಿ ನೋಡಿ. ಸಲೀಸಾಗಿ ಇಳಿಯುವವರೆಗೆ ತರಕಾರಿ ಹಾಕುವ ಮಾತೇ ಇಲ್ಲ. ಅವಸರವಿದ್ದರೆ ಈ ಹಂತಕ್ಕಷ್ಟೇ ಪ್ರೆಶರ್ ಕುಕ್ಕರ್ ಬಳಸಿ, ಒತ್ತಡ ಬಂದ ಮೇಲೆ 30 ನಿಮಿಷ. ಒತ್ತಡ ತಾನಾಗಿ ಇಳಿಯಲಿ.

ಮಾಂಸ ಬೆಂದ ಮೇಲೆ ಕ್ಯಾರೆಟ್, ಆಲೂಗಡ್ಡೆ. ಹತ್ತು ನಿಮಿಷ ಬಿಟ್ಟು ಬೀನ್ಸ್. ಟೊಮೆಟೊ ಹಾಕುವುದು ಆಲೂಗಡ್ಡೆ ಬೆಂದ ಮೇಲೆಯೇ: ಹುಳಿ ಇದ್ದಲ್ಲಿ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಇನ್ನೈದು ನಿಮಿಷ ಕುದಿಸಿ, ಉಪ್ಪು ಸರಿಮಾಡಿ. ಇನ್ನೂ ತೆಳ್ಳಗೆನಿಸಿದರೆ ನಾಲ್ಕು ತುಂಡು ಆಲೂಗಡ್ಡೆಯನ್ನು ಸೌಟಿನಿಂದ ಹಿಸುಕಿ ಬೆರೆಸಿ. ಕಾರ್ನ್‌ಫ್ಲೋರ್ ನನಗೆ ಒಪ್ಪಿಗೆಯಿಲ್ಲ, ಬಾಯಿಗೆ ಅಂಟಂಟು.

ಮರುದಿನ ರುಚಿ ಇನ್ನೂ ಹೆಚ್ಚು. ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಮೂರು ದಿನ ಚೆನ್ನಾಗಿರುತ್ತದೆ, ಮೇಲೆ ಗಟ್ಟಿಯಾದ ಕೊಬ್ಬನ್ನು ಚಮಚದಲ್ಲೇ ಎತ್ತಬಹುದು. ಫ್ರೀಜರ್‌ನಲ್ಲಿ ಇಡುವುದಾದರೆ ಆಲೂಗಡ್ಡೆ ಹಾಕದ ಸೂಪ್ ಇಡಿ. ಹೆಪ್ಪುಗಟ್ಟಿ ಕರಗಿದ ಆಲೂಗಡ್ಡೆ ಪುಡಿಪುಡಿಯಾಗುತ್ತದೆ. ಬಿಸಿ ಮಾಡುವಾಗ ಹೊಸದಾಗಿ ಬೇಯಿಸಿ ಸೇರಿಸಿ.