ಮದುವೆಗೆ ಮುಂಚೆ ಒಟ್ಟಿಗಿದ್ದರೆ ಡಿವೋರ್ಸ್ ಜಾಸ್ತಿ ಆಗುತ್ತಾ?

ಒಟ್ಟಿಗಿದ್ದದ್ದೇ ಕಾರಣ ಎಂದು ಹೇಳಲು ಆಗುವುದಿಲ್ಲ. ಅಂಥವರಲ್ಲಿ ಡಿವೋರ್ಸ್ ಜಾಸ್ತಿ ಎಂದು ಅಮೆರಿಕದ ಹಳೆಯ ಅಧ್ಯಯನಗಳು ತೋರಿಸಿದ್ದು ನಿಜ. ಆದರೆ ಹಾಗೆ ಇರಲು ಹೊರಡುವವರು ಯಾರು?

ಹಾಸನದ ವಿದ್ಯಾನಗರದಲ್ಲಿ ಬಾಡಿಗೆ ಮನೆ ಕೇಳಿ ನೋಡಿ. ಅಡ್ವಾನ್ಸ್ ಮಾತಿಗೂ ಮುಂಚೆ "ಮದುವೆ ಆಗಿದೆಯಾ?" ಅನ್ನುತ್ತಾರೆ. ಅದನ್ನು ದಾಟಿ ಒಟ್ಟಿಗಿರುವ ಜೋಡಿ ಊರ ಮಾತಿಗೆ ಸೊಪ್ಪು ಹಾಕದವರು. ಸಂಸಾರ ಕೆಟ್ಟರೆ ಅವರು ಕೋರ್ಟಿಗೂ ಅಂಜದೆ ಹೋಗುತ್ತಾರೆ. ಪಕ್ಕದ ಮನೆಯವರು ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಾರೆ. (ಅದನ್ನು ಗೆದ್ದ ಮದುವೆ ಅಂತ ಎಣಿಸುವುದೇ ತಮಾಷೆ, ಅಲ್ವಾ?) ಚೀಟಿ ಎತ್ತಿ "ನೀವು ಒಟ್ಟಿಗಿರಿ, ನೀವು ಬೇಡ" ಎಂದು ಪರೀಕ್ಷೆ ಮಾಡುವ ಹಾಗೂ ಇಲ್ಲ.

ಸಮಾಜಶಾಸ್ತ್ರಜ್ಞೆ ಏರಿಯಲ್ ಕುಪರ್‌ಬರ್ಗ್ 2014ರಲ್ಲಿ ಮದುವೆಯ ವಯಸ್ಸು ಬಿಟ್ಟು, ಒಟ್ಟಿಗೆ ಬದುಕಲು ಶುರು ಮಾಡಿದ ವಯಸ್ಸನ್ನು ಹೋಲಿಸಿದರು. ವ್ಯತ್ಯಾಸ ಬಹುಪಾಲು ಮಾಯ! ತಾಳಿ ಕಟ್ಟಿರಲಿ ಬಿಡಲಿ, ತೀರಾ ಚಿಕ್ಕ ವಯಸ್ಸಿಗೆ ಸಂಸಾರ ಹೂಡಿದವರೇ ಜಾಸ್ತಿ ಬೇರೆಯಾಗಿದ್ದರು.